ಯುದ್ಧದ ಕೊನೆಯ ಪಂಕ್ತಿ

ತೊಂಬತ್ತು ಜನರ ಯುದ್ಧವೊಂದನ್ನು ನಾನು ನಿಂತು ನಡೆಸಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೇ ಒಳ್ಳೆಯದು. ನಂಬಿದವರು ಚೆನ್ನಾಗಿ ನಡೆಯಿತಾ ಎಂದು ಕೇಳುತ್ತಾರೆ. ಬಹಳ ಚೆನ್ನಾಗಿ ನಡೆಯಿತು ಎನ್ನುವಷ್ಟರಲ್ಲಿ ನನ್ನ ಮುಖ ಬಿಸಿಯಾಗುತ್ತದೆ. ಹದಿನೈದು ವರ್ಷಕ್ಕೂ ಮೇಲಾಯಿತು, ಇನ್ನೂ ಬಿಸಿಯಾಗುತ್ತದೆ.

ಆಗ ನಾನು ಜ್ಞಾನಭಾರತಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಮನೆ ಬಸವೇಶ್ವರನಗರದಲ್ಲಿ. ವಿಜಯನಗರದ ಕಡೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ, ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಒಂದು ವರ್ಷವಾಗಿತ್ತಷ್ಟೆ. ಅಪ್ಪ ಮದುವೆ ಅಡುಗೆಯ ಕಂಟ್ರಾಕ್ಟರ್. ರಾಜಾಜಿನಗರದಿಂದ ಕೆಂಗೇರಿಯವರೆಗೆ ಅವರು ಒಲೆ ಹಚ್ಚದ ಛತ್ರವಿಲ್ಲ. ಕ್ಲಾಸಿನಲ್ಲಿ ಯಾರಾದರೂ ನಿಮ್ಮಪ್ಪ ಏನು ಮಾಡುತ್ತಾರೆ ಎಂದರೆ ‘ಬಿಸಿನೆಸ್’ ಎನ್ನುತ್ತಿದ್ದೆ. ನಾಚಿಕೆಯ ವಿಷಯದಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಅಭ್ಯಾಸವಿತ್ತು. ನಾಚಬೇಕಾದ್ದಕ್ಕೆ ನಾಚುತ್ತಿರಲಿಲ್ಲ, ಅಷ್ಟೆ.

ಅಂತರ್ಜಾಲದಲ್ಲಿ ಆಗ ಒಂದು ಲೋಕವಿತ್ತು. ಅದರಲ್ಲಿ ಮನೆ, ಮರ, ಉಡುವ ಬಟ್ಟೆ ಎಲ್ಲವನ್ನೂ ಅಲ್ಲಿಗೆ ಬರುವವರೇ ಕಟ್ಟಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಒಂದು ಬೊಂಬೆ ದೇಹ, ಒಂದು ಬೇರೆ ಹೆಸರು. ಅಲ್ಲಿನ ಒಂದು ತುಂಡು ನೆಲದಲ್ಲಿ ನಮ್ಮ ಗುಂಪಿನವರದು ರಾಜರಾಣಿಯರ, ಮಾಂತ್ರಿಕರ ಆಟ. ಮಾತನ್ನೆಲ್ಲ ಟೈಪ್ ಮಾಡಿ ಆಡಬೇಕು, ಅದೂ ಹಳೇ ಕಾಲದ ಇಂಗ್ಲಿಷಿನಲ್ಲಿ. ನಾನು ಅಲ್ಲಿ ರಾಣಿಯ ಮಂತ್ರಿ. ಎಂ.ಎ. ಪಠ್ಯದ ಭಾರಿ ಭಾರಿ ಮಾತುಗಳನ್ನು ಅಲ್ಲಿ ಸುರಿಯುತ್ತಿದ್ದೆ, ಯೂರೋಪಿನವರು, ಅಮೆರಿಕದವರು ಭೇಷ್ ಎನ್ನುತ್ತಿದ್ದರು. ನಿನ್ನದು ಯಾವ ಊರು ಎಂದು ಕೇಳಿದರೆ, ಒಂದು ವಿಶ್ವವಿದ್ಯಾಲಯದ ಪಕ್ಕ ಎನ್ನುತ್ತಿದ್ದೆ. ಸ್ಕಾಟ್ಲೆಂಡ್ ಇರಬೇಕು ಎಂದು ಅವರೇ ತೀರ್ಮಾನಿಸಿದರು. ಅಲ್ಲ, ಜ್ಞಾನಭಾರತಿ ಪಕ್ಕದ ನಾಯಂಡಹಳ್ಳಿ ಎಂದು ತಿದ್ದಲು ನಾನು ಹೋಗಲಿಲ್ಲ.

ಉತ್ತರದ ದಂಡು ರಾಣಿಯ ಕೋಟೆಗೆ ಮುತ್ತಿಗೆ ಹಾಕುವ ದೊಡ್ಡ ಯುದ್ಧವೊಂದನ್ನು ಆಡೋಣ ಎಂದು ಗುಂಪಿನಲ್ಲಿ ಮಾತು ಬಂದಾಗ, ನಾನೇ ನಡೆಸುತ್ತೇನೆ ಎಂದು ಮೈಮೇಲೆ ಎಳೆದುಕೊಂಡೆ.

ನಮ್ಮ ಮಹಡಿಯ ಒಂಟಿ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ಬಾಡಿಗೆಗೆ ಇದ್ದರು. ನಮ್ಮ ಮನೆಯಲ್ಲಿ ಅವರಿಗೆ ‘ಮೇಲಿನವರು’ ಎಂದೇ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಮನೆ ಓನರ್ ಮಗಳೆಂದು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ. ಹೊಲಿಯುವ ಕೆಲಸವಲ್ಲ, ಹೊಲಿಗೆಗೆ ಮುಂಚೆ ಅಂಗಿಯ ತೋಳು, ಬೆನ್ನು, ಕಾಲರ್ ಒಂದೊಂದನ್ನೂ ಅಳತೆಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಬರೆದು ಕೊಡುವ ಪ್ಯಾಟರ್ನ್ ಕೆಲಸ. ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪದಗಳೆಲ್ಲ ಬರುತ್ತಿದ್ದವು, ವಾಕ್ಯ ಬರುತ್ತಿರಲಿಲ್ಲ.

ಒಂದು ಭಾನುವಾರ ಅಮ್ಮನಿಗೆ ಶೇಂಗಾ ಚಟ್ನಿಪುಡಿ ಕೊಡಲು ಇಳಿದು ಬಂದವರು ನನ್ನ ಕಂಪ್ಯೂಟರಿನ ಮುಂದೆ ನಿಂತುಬಿಟ್ಟರು. ಪರದೆಯ ಮೇಲೆ ನನ್ನ ಬೊಂಬೆ ಮಂತ್ರಿಯ ಅಂಗಿ ತೊಟ್ಟು ನಿಂತಿತ್ತು.

“ಅಕ್ಕಾರ, ಈ ಅಂಗಿ ಯಾರ್ ಬರದಾರ್ರಿ?”

“ಯಾಕೆ?”

“ಬಗಲಾಗ ಕೂಡಿಲ್ರಿ. ಮುಂದಿನ ಅಂಚು ಮ್ಯಾಲ ಹೋಗೈತಿ, ಹಿಂದಿಂದು ಕೆಳಗ ಐತಿ. ನಮ್ಮಲ್ಲಿ ಇದು ರಿಜೆಕ್ಟ್ ಆಕ್ಕೈತ್ರಿ.”

ನೋಡಿದೆ. ಹೌದು, ಕಂಕುಳಿನ ಹತ್ತಿರ ಅಂಚು ಎರಡಾಗಿ ಒಡೆದಿತ್ತು. ಆರು ತಿಂಗಳಿಂದ ಆ ಅಂಗಿ ತೊಟ್ಟುಕೊಂಡು ರಾಣಿಯ ಮುಂದೆ ಭಾಷಣ ಬಿಗಿದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿನ ಬಟ್ಟೆಗಳನ್ನೂ ಹಾಗೆಯೇ ಮುಂಭಾಗ, ಹಿಂಭಾಗ, ತೋಳು ಎಂದು ಬಿಡಿಬಿಡಿಯಾಗಿ ಬರೆದು ಹೊಂದಿಸಬೇಕು. ಮೇಲಿನವರಿಗೆ ಅದನ್ನು ಕಲಿಯಲು ಎರಡು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ನನಗೇ ಕಲಿಸುತ್ತಿದ್ದರು.

ಮೂರು ತಿಂಗಳು ಅವರು ಎರಡು ಸೈನ್ಯಕ್ಕೂ ಬಟ್ಟೆ ಬರೆದರು. ರಾಣಿಯ ಕಡೆಯವರಿಗೆ ಕೆಂಪು ಅಂಚಿನ ಕಪ್ಪು ಅಂಗಿ, ಅಂಚಿನ ತುಂಬ ಕಸೂತಿಯ ಗೋಪುರ. ಉತ್ತರದವರಿಗೆ ನೀಲಿ. ಬಾವುಟ, ಕುದುರೆಯ ಹೊದಿಕೆ, ಗಾಯಾಳುಗಳಿಗೆ ಕಟ್ಟುವ ಪಟ್ಟಿ ಕೂಡ. ದಪ್ಪ ಬೊಂಬೆಗೆ, ಸಣಕಲು ಬೊಂಬೆಗೆ ಬೇರೆ ಬೇರೆ. ಅಮ್ಮ ಕಾಫಿ ತಂದಿಟ್ಟು, “ಅಯ್ಯೋ, ಭಾನುವಾರನಾದ್ರೂ ರೆಸ್ಟ್ ತಗೊಳ್ಳಿ ಅಂದ್ರೆ ಇವಳು ನಿಮ್ಮನ್ನ ದುಡಿಸ್ತಾ ಇದಾಳೆ” ಎನ್ನುತ್ತಿದ್ದಳು.

“ಇಲ್ರಿ ಅಮ್ಮಾರ, ನನಗ ಬೇಕಾಗಿ ಮಾಡಾಕತ್ತೀನ್ರಿ. ಒಂಬತ್ತು ವರ್ಷ ಆತು, ಎಷ್ಟ ಸಾವಿರ ಅಂಗಿ ಬರದೀನೋ. ಎಲ್ಲಾ ಡಬ್ಬ್ಯಾಗ ತುಂಬಿ ಫಾರಿನ್ನಿಗೆ ಕಳಸ್ತಾರ. ಒಂದ ಅಂಗೀನರ ಯಾರದರ ಮೈಮ್ಯಾಲ ನೋಡಿಲ್ರಿ.”

ಆಮೇಲೆ ನನ್ನ ಕಡೆ ತಿರುಗಿದರು. “ಯುದ್ಧದ ದಿನ ನಾನೂ ಒಳಗ ಬರ್ತೇನ್ರಿ ಅಕ್ಕಾರ. ನನಗ ಕತ್ತಿ ಪತ್ತಿ ಬ್ಯಾಡ. ಎಲ್ಲಾರೂ ನನ್ನ ಅಂಗಿ ಹಾಕ್ಕೊಂಡು ಓಡ್ಯಾಡೂದನ್ನ ನಡಬರಕ ನಿಂತು ನೋಡ್ಬೇಕ್ರಿ. ಅಷ್ಟ.”

“ನೀವಿಲ್ದೆ ಯುದ್ಧ ಆಗತ್ತಾ? ಖಂಡಿತ ನಿಲ್ಲಿಸ್ತೀನಿ” ಎಂದೆ. ಆ ಹೊತ್ತಿನಲ್ಲಿ ಅದು ಸುಳ್ಳಾಗಿರಲಿಲ್ಲ.

ಕಷ್ಟ ಶುರುವಾದದ್ದು ಜಾಗದಿಂದ. ಆ ತುಂಡು ನೆಲದಲ್ಲಿ ಒಂದು ಸಲಕ್ಕೆ ನಲವತ್ತು ಬೊಂಬೆಗಳು ಮಾತ್ರ ನಿಲ್ಲಬಹುದು, ನಲವತ್ತೊಂದನೆಯವರನ್ನು ಬಾಗಿಲೇ ಒಳಗೆ ಬಿಡದು. ಹೆಸರು ಕೊಟ್ಟವರೋ ತೊಂಬತ್ತು. ಗುಂಪಿನ ಹಿರಿಯರೆಲ್ಲ ತಲೆ ಕೆರೆದುಕೊಂಡರು. ನಾನು ಮಾತ್ರ ಇದೇನು ಮಹಾ ಎಂದುಕೊಂಡೆ. ಇನ್ನೂರು ಎಲೆ ಹಿಡಿಸುವ ಊಟದ ಹಾಲಿನಲ್ಲಿ ಎಂಟುನೂರು ಜನಕ್ಕೆ ಬಡಿಸುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಮೂರು ಪಂಕ್ತಿ ಮಾಡಿದೆ. ಒಂದೊಂದು ಪಂಕ್ತಿಗೆ ಮುಕ್ಕಾಲು ಗಂಟೆ. ಸತ್ತವರು ಎಲೆಯಿಂದ ಎದ್ದ ಹಾಗೆ ಎದ್ದು ಹೊರಗೆ ಹೋಗಬೇಕು, ಹೊರಗಿನ ಗುಡ್ಡದ ಮೇಲೆ ಕಾದಿರುವವರು ಆ ಜಾಗಕ್ಕೆ ಬರಬೇಕು. ಯಾರು ಯಾವಾಗ ಒಳಗೆ ಬರಬೇಕೆಂದು ನೋಡಿಕೊಳ್ಳಲು ಬಾಗಿಲಲ್ಲಿ ನಾಲ್ಕು ಜನ ರೆಫರಿಗಳು. ಇಂಥ ವ್ಯವಸ್ಥೆಯನ್ನು ಯಾರೂ ಕಂಡಿರಲಿಲ್ಲವಂತೆ. ಎಲ್ಲಿ ಕಲಿತೆ ಎಂದು ಒಬ್ಬ ಕೇಳಿದ. ಸೈನ್ಯದ ಇತಿಹಾಸ ಓದಿದ್ದೇನೆ ಎಂದೆ. ಅಪ್ಪನ ಹೆಗಲ ಮೇಲಿನ ಟವೆಲ್ಲು ನೆನಪಾಯಿತು, ಹೇಳಲಿಲ್ಲ.

ಮುತ್ತಿಗೆಗೆ ಎರಡು ವಾರ ಮುಂಚೆ ತಾಲೀಮು ಇಟ್ಟಿದ್ದೆವು. ಮೇಲಿನವರು ಹೊಸಹಳ್ಳಿಯ ಒಂದು ಸೈಬರ್ ಸೆಂಟರಿನಿಂದ ಲಾಗಿನ್ ಆಗಿ ಬಂದರು. ಅವರ ಬೊಂಬೆಗೆ ನಾನೇ ಒಂದು ಚಂದದ ಇಂಗ್ಲಿಷ್ ಹೆಸರು ಇಟ್ಟಿದ್ದೆ. ಉತ್ತರದ ದಂಡಿನ ನಾಯಕ ಗತ್ತಿನಿಂದ, ಯಾರಲ್ಲಿ, ಈ ಹೊತ್ತಿನಲ್ಲಿ ನಮ್ಮ ಬಿಡಾರಕ್ಕೆ ಬಂದವರು ಯಾರು ಎಂದು ಗುಡುಗಿದ. ಮೇಲಿನವರು ಬಹಳ ಹೊತ್ತು ಟೈಪ್ ಮಾಡಿ ಉತ್ತರ ಕೊಟ್ಟರು. ‘ನಾನು ಬಂತು. ನಾನು ಟೈಲರ್. ನೀನು ಹಾಕಿದ್ದು ಚಂದ?’ ಎನ್ನುವಂಥ ಇಂಗ್ಲಿಷ್ ಅದು. ಯಾರೋ ಒಬ್ಬರು ನಗುವ ಮುಖದ ಚಿಹ್ನೆ ಹಾಕಿದರು. ಬೇರೇನೂ ಆಗಲಿಲ್ಲ, ನಿಜವಾಗಿಯೂ ಆಗಲಿಲ್ಲ. ಆದರೆ ಬಸವೇಶ್ವರನಗರದ ಮನೆಯಲ್ಲಿ ಕುಳಿತ ನನಗೆ, ಎಂಟುನೂರು ಜನರ ಮುಂದೆ ನನ್ನ ಸೀರೆಯ ಸೆರಗು ಜಾರಿದಂತಾಯಿತು.

ಆ ನಾಯಕ ನನಗೆ ಖಾಸಗಿಯಾಗಿ ಬರೆದ: “ಈ ಟೈಲರ್ ಯಾರು? ನಿನಗೆ ಪರಿಚಯವಾ?”

“ಇಲ್ಲ, ಎಲ್ಲಿಂದಲೋ ಬಂದವರು” ಎಂದು ಬರೆದೆ. ಅವನು ಹೊಗಳಲು ಕೇಳಿದ್ದನೋ, ನಗಲು ಕೇಳಿದ್ದನೋ, ಇವತ್ತಿಗೂ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಅವತ್ತೇ ಪಟ್ಟಿಯಲ್ಲಿ ಮೇಲಿನವರ ಹೆಸರನ್ನು ಮೊದಲ ಪಂಕ್ತಿಯಿಂದ ತೆಗೆದು ಮೂರನೆಯದಕ್ಕೆ ಹಾಕಿದೆ. ಸಂಜೆ ಅವರಿಗೆ ಹೇಳಲು ಮಾತೂ ಸಿದ್ಧವಾಗಿತ್ತು. “ನೋಡಿ, ನಾವು ಮನೆಯವರು. ಬಂದವರಿಗೆಲ್ಲ ಮೊದಲು ಆಗಲಿ. ಮನೆಯವರು ಕೊನೇ ಪಂಕ್ತೀಲಿ ಕೂರೋದು ಮರ್ಯಾದೆ ಅಲ್ವಾ?”

ಅವರ ಮುಖ ಅರಳಿತು. “ಹೌದ್ರಿ ಅಕ್ಕಾರ. ಮನೀ ಮಂದಿ ಕಡೀಕ ಉಣ್ಣಬೇಕ್ರಿ. ನಮ್ಮ ಕಡೆನೂ ಹಂಗ.”

ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗದ ಜಾಗ ಇದೊಂದೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಇನ್ನೂ ಇತ್ತು. ಕೊನೇ ಪಂಕ್ತಿಯ ಮಾತನ್ನು ಕೇಳಿಸಿಕೊಂಡ ಅಪ್ಪ ಏನೋ ಛತ್ರದ ವಿಷಯವೆಂದುಕೊಂಡು ಒಳಗಿನಿಂದಲೇ ಕೂಗಿದರು: “ಮನೆಯವರಿಗೆ ಅಂತ ಮೊದಲೇ ಎತ್ತಿಡ್ಬೇಕು ಕಣೇ. ಎತ್ತಿಡ್ದೆ ಕೊನೇ ಪಂಕ್ತಿ ಅನ್ನೋದು ಮರ್ಯಾದೆ ಅಲ್ಲ, ಹಸಿವು.”

ಯುದ್ಧದ ಭಾನುವಾರ ಬಂತು. ಇಲ್ಲಿ ಸಂಜೆ ಐದು, ಯೂರೋಪಿನಲ್ಲಿ ಮಧ್ಯಾಹ್ನ. ನಾಲ್ಕೂವರೆಗೆ ರೆಫರಿಗಳಿಗೆ ಕೊನೆಯ ಸೂಚನೆಗಳನ್ನು ಬರೆದೆ. ಅದರ ಕೊನೆಯಲ್ಲಿ, ಮೇಲಿನವರ ಬೊಂಬೆಯ ಹೆಸರು ಹಾಕಿ, ಇಂಗ್ಲಿಷಿನಲ್ಲಿ ಹೀಗೆ ಸೇರಿಸಿದೆ: ‘ಈ ದರ್ಜಿಯನ್ನು ಆದಷ್ಟು ಹೊರಗೇ ಇಡಿ. ಇವಳ ಭಾಷೆ ಕೇಳಲಾಗದು, ಆಟದ ಕಳೆಯೇ ಹೋಗುತ್ತದೆ. ಒಳಗೆ ಬಂದರೆ ಗೋಡೆಯ ಹಿಂದೆ ನಿಲ್ಲಿಸಿ, ಬಾಯಿ ತೆರೆಯದಂತೆ ನೋಡಿಕೊಳ್ಳಿ.’

ಅವಸರದಲ್ಲಿ ನಾಲ್ಕು ಜನರಿಗೆ ಕಳಿಸುವ ಬದಲು ಇಡೀ ಗುಂಪಿಗೆ ಕಳಿಸುವ ಗುಂಡಿ ಒತ್ತಿದೆ. ತೊಂಬತ್ತು ಪರದೆಗಳ ಮೇಲೆ ಅದು ಒಮ್ಮೆಗೇ ತೆರೆಯಿತು. ವಾಪಸ್ಸು ತೆಗೆದುಕೊಳ್ಳುವ ದಾರಿ ಇರಲಿಲ್ಲ. ಅರೆಗಳಿಗೆಯಲ್ಲಿ ಹೇಗೂ ಮೇಲಿನವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ ಎಂಬುದು ನೆನಪಾಗಿ ಸಮಾಧಾನವಾಯಿತು. ಸಮಾಧಾನ! ಎಂ.ಎ. ಓದಿದ ಹುಡುಗಿಗೆ ಅವತ್ತು ಸಿಕ್ಕ ಸಮಾಧಾನ ಅದು. ಗುಂಪಿನಲ್ಲಿ ಒಬ್ಬರು ಮಾತ್ರ, ಇದು ಸ್ವಲ್ಪ ಕಟುವಾಯಿತು ಎಂದು ಬರೆದರು. ಉಳಿದವರು ಕತ್ತಿ ಹಿರಿಯುವುದರಲ್ಲಿದ್ದರು.

ಮೊದಲ ಪಂಕ್ತಿ ಶುರುವಾಯಿತು. ಕಪ್ಪು ಅಂಗಿಗಳು ಗೋಡೆಯ ಮೇಲೆ ಸಾಲಾಗಿ ನಿಂತವು, ನೀಲಿ ಅಂಗಿಗಳು ಕಣಿವೆಯಿಂದ ಏರಿ ಬಂದವು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ನಾನು ಆಜ್ಞೆ ಕೊಡುವುದನ್ನೇ ಒಂದು ಕ್ಷಣ ಮರೆತೆ. ಯಾರ ಕಂಕುಳಲ್ಲೂ ಅಂಚು ಒಡೆದಿರಲಿಲ್ಲ.

ಮೇಲಿನವರು ಹೊರಗಿನ ಗುಡ್ಡದ ಮೇಲೆ ಇದ್ದರು. ಅಲ್ಲಿಂದ ಕೋಟೆಯ ಹೊರಗೋಡೆ ಮಾತ್ರ ಮಸುಕಾಗಿ ಕಾಣುತ್ತದೆ, ಒಳಗಿನ ಜನ ಕಾಣುವುದಿಲ್ಲ. ಅವರ ಸಂದೇಶ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: “ಅಕ್ಕಾರ, ಹ್ಯಾಂಗ ಕಾಣಾಕತ್ತಾವ್ರಿ?”

“ಸೂಪರ್” ಎಂದು ಬರೆದೆ.

ಎರಡನೆಯ ಪಂಕ್ತಿಯ ನಡುವೆ ಮತ್ತೊಂದು: “ನಮ್ಮ ಯೂನಿಟ್ಟಿನ ಗೆಳತ್ಯಾರು ಮೂರು ಮಂದಿ ನೋಡಾಕ ಬಂದಾರ್ರಿ, ಹಿಂದ ನಿಂತಾರ. ಮನೀ ಮಂದಿ ಕಡೀಕ ಹೋಗ್ತೀವಿ ಅಂತ ಅವ್ರಿಗೆ ಹೇಳೇನ್ರಿ.”

ಆ ಸೈಬರ್ ಸೆಂಟರ್ ನನಗೆ ಗೊತ್ತಿತ್ತು. ಪ್ಲೈವುಡ್ಡಿನ ಗೂಡುಗಳು, ಒಬ್ಬರು ಕೂರುವಷ್ಟು ಜಾಗ. ಅದರಲ್ಲಿ ಮೂರು ಹೆಂಗಸರು ಕುರ್ಚಿಯ ಬೆನ್ನಿಗೆ ಒತ್ತಿಕೊಂಡು ನಿಂತಿದ್ದರು, ಒಂದು ಖಾಲಿ ಗುಡ್ಡವನ್ನು ನೋಡುತ್ತಾ.

ಮೂರನೆಯ ಪಂಕ್ತಿಯಲ್ಲಿ ಜಾಗವಿತ್ತು. ಇದನ್ನು ಬರೆಯಲೇಬೇಕು. ಹದಿನೆಂಟು ಬೊಂಬೆಗಳಿಗೆ ಜಾಗವಿತ್ತು, ಪಟ್ಟಿಯಲ್ಲಿ ಉಳಿದವರು ಮೇಲಿನವರೂ ಸೇರಿ ಹನ್ನೊಂದು. ರೆಫರಿಯೊಬ್ಬ, ದರ್ಜಿಯನ್ನು ಬಿಡಲಾ ಎಂದು ಕೇಳಿದ. ಅದೇ ಹೊತ್ತಿಗೆ ಉತ್ತರದ ನಾಯಕ, ಸತ್ತ ನನ್ನ ಬಿಲ್ಲಾಳುಗಳನ್ನು ಇನ್ನೊಮ್ಮೆ ಒಳಗೆ ಬಿಡು, ಕೊನೆಯ ದಾಳಿ ಭರ್ಜರಿಯಾಗಲಿ ಎಂದ. ನಾನು ಬಿಲ್ಲಾಳುಗಳಿಗೆ ಹೂಂ ಎಂದೆ. ಎರಡನೆಯ ಸಲ ಊಟಕ್ಕೆ ಕೂತವರು ಎಂಟು ಜನ. ನಲವತ್ತು ತುಂಬಿತು.

ಕೋಟೆ ಬಿತ್ತು, ರಾಣಿ ಸತ್ತಳು, ನಾನು ಅವಳ ಶವದ ಮುಂದೆ ಉದ್ದದ ಭಾಷಣ ಮಾಡಿದೆ, ಎಲ್ಲರೂ ಚಪ್ಪಾಳೆ ಹೊಡೆದರು. ಏಳೂವರೆಗೆ ಆ ನೆಲದ ಒಡೆಯನಿಗೆ ಜಾಗ ಬಿಟ್ಟುಕೊಡಬೇಕಿತ್ತು. ಅವನು ಒಂದು ಗುಂಡಿ ಒತ್ತಿದ, ಕೋಟೆ ಇಲ್ಲವಾಯಿತು. ಮೇಲಿನವರ ಕೊನೆಯ ಸಂದೇಶ ಏಳು ಇಪ್ಪತ್ತೈದಕ್ಕೆ ಬಂದಿತ್ತು: “ಅಕ್ಕಾರ, ಜಾಗ ಇಲ್ಲ ಅಂತ ಬರಾಕತ್ತೈತ್ರಿ. ಇನ್ನೊಮ್ಮೆ ಒತ್ತಲೇನ್ರಿ?”

ಮರುದಿನ ಸಂಜೆ ಅವರು ಕೆಲಸದಿಂದ ನೇರ ನಮ್ಮ ಮನೆಗೆ ಬಂದರು. ಸರ್ವರ್ ಕೈಕೊಟ್ಟಿತು, ನಿಮ್ಮನ್ನು ಒಳಗೆ ಕರೆಯಲು ಎಷ್ಟು ಪ್ರಯತ್ನ ಮಾಡಿದೆ ಗೊತ್ತಾ ಎಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನು ಹೇಳಿದೆ.

“ಇರ್ಲಿ ಬಿಡ್ರಿ, ಎಲ್ಲಾ ಚಲೋ ಆತಲ್ಲ” ಎಂದು ಪರ್ಸಿನಿಂದ ಒಂದು ಹಾಳೆ ತೆಗೆದರು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿಕೊಂಡಿದ್ದರು. “ನಿನ್ನೆ ಶುರು ಆಗೂ ಮುಂದ ಇದು ಬಂದಿತ್ರಿ. ಇದರಾಗ ನನ್ನ ಆ ಹೆಸರು ಐತಿ, ಇಲ್ಲಿ ನೋಡ್ರಿ. ಏನ್ ಬರದಾರ, ಓದಿ ಹೇಳ್ರಿ.”

ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಬರೆದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಕೆಳಗೆ ನನ್ನ ಬೊಂಬೆಯ ಹೆಸರೂ ಇರಲಿಲ್ಲ, ‘ಮಂತ್ರಿ’ ಎಂಬುದರ ಇಂಗ್ಲಿಷ್ ಪದ ಮಾತ್ರ ಇತ್ತು. ಹಾಳೆ ಹಿಡಿದುಕೊಂಡೆ. ಅಡುಗೆಮನೆಯಿಂದ ಅಮ್ಮ ಕಿವಿಗೊಟ್ಟಿರುವುದು ಗೊತ್ತಾಗುತ್ತಿತ್ತು. ನಿಜ ಹೇಳಲು ಬೇಕಾಗಿದ್ದದ್ದು ಒಂದು ನಿಮಿಷ. ಆ ನಿಮಿಷ ನನ್ನ ಹತ್ತಿರ ಇರಲಿಲ್ಲ.

“ನಿಮಗೆ ಥ್ಯಾಂಕ್ಸ್ ಹೇಳಿದಾರೆ” ಎಂದೆ. “ಇಂಥ ಬಟ್ಟೆ ಎಲ್ಲೂ ನೋಡಿಲ್ವಂತೆ. ಎಲ್ಲರೂ ನಿಮ್ಮನ್ನ ಗೌರವದಿಂದ ನೋಡ್ಕೋಬೇಕು ಅಂತ ಬರೆದಿದಾರೆ.”

“ಹೌದೇನ್ರಿ?” ಎಂದು ಹಾಳೆಯನ್ನು ವಾಪಸ್ಸು ತೆಗೆದುಕೊಂಡು, ಮೊದಲಿನ ಮಡಿಕೆಯ ಮೇಲೆಯೇ ಮಡಿಸಿಟ್ಟುಕೊಂಡರು. ನನ್ನ ಕೈಯಿಂದ ಅದು ಹೋಗುವಾಗ, ನನಗೊಂದು ಕಾಪಿ ಬೇಕು ಎಂದಾದರೂ ಕಿತ್ತುಕೊಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ.

ಅದಾದ ಮೇಲೆ ಆ ವಾರವೆಲ್ಲ ಅವರು ಕೆಳಗೆ ಇಳಿದು ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಮೇಲೆ ಹೋದೆ. ಬಾಗಿಲು ತೆರೆದಿತ್ತು, ಬಟ್ಟೆ ಒಗೆಯಲು ನೆನೆಸುತ್ತಿದ್ದರು. ಒಳಗೆ ಬರ್ರಿ ಎಂದರು, ಅಕ್ಕಾರ ಎನ್ನಲಿಲ್ಲ.

“ಆ ಹಾಳಿ ನಾನು ಯೂನಿಟ್ಟಿನಾಗ ನನ್ನ ಕಂಪ್ಯೂಟರ್ ಮ್ಯಾಲ ಗ್ವಾಡಿಗೆ ಹಚ್ಚಿದ್ನಿ” ಎಂದರು, ಬಕೀಟಿನಿಂದ ತಲೆ ಎತ್ತದೆ. “ಗೆಳತ್ಯಾರು ಹಚ್ಚು ಅಂದ್ರು. ನಾಕು ದಿನ ಇತ್ತು. ಹೋಗವ್ರು ಬರವ್ರಿಗೆಲ್ಲಾ ತೋರಿಸಿದ್ನಿ. ಶುಕ್ರವಾರ ಫಾರಿನ್ ಆರ್ಡರ್ ನೋಡೂ ಮರ್ಚಂಡೈಸರ್ ಸಾರ್ ಬಂದು ಓದಿ ನಕ್ಕರು. ಆಮ್ಯಾಲ ಎಲ್ಲಾರ ಮುಂದ ಕನ್ನಡದಾಗ ಹೇಳಿದ್ರು.”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬರೆದದ್ದು ನಾನೇ ಎಂದು ಹೇಳಿದೆ. ಕ್ಷಮಿಸಿ ಎಂದೆ.

“ನೀವ ಬರದಿದ್ದು ಅಂತ ಗೊತ್ತಾತ್ರಿ. ಓದಿ ಹೇಳೂ ಮುಂದ ನಿಮ್ಮ ಕಣ್ಣು ಹಾಳಿ ಮ್ಯಾಲ ಇರಲಿಲ್ಲ, ಅವತ್ತು ತಿಳೀಲಿಲ್ಲ, ಆಮ್ಯಾಲ ತಿಳೀತು.” ಅವರು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು. “ಬರದದ್ದಕ್ಕ ಅಲ್ರಿ. ನನಗ ಇಂಗ್ಲಿಷ್ ಬರಂಗಿಲ್ಲ, ಅದು ಖರೇನ. ಓದಿ ಹೇಳ್ರಿ ಅಂದಾಗ ಹೇಳಿದ್ರ ಮುಗೀತಿತ್ತು. ನಾನ ನನ್ನ ಕೈಲೆ ಗ್ವಾಡಿಗೆ ಹಚ್ಚಿದ್ನೆಲ್ರಿ.”

ಇಳಿದು ಹೋಗಬೇಕೆಂದು ತಿರುಗಿದೆ. ಹಿಂದಿನಿಂದ ಕರೆದರು.

“ಒಂದು ಕೇಳ್ತೀನಿ, ಈ ಸಲ ಖರೆ ಹೇಳ್ರಿ. ಆ ಹಾಳ್ಯಾಗ ಅಂಗಿ ಬಗ್ಗೆ ಏನರ ಬರದಿತ್ತೇನು? ಒಂದು ಮಾತು?”

ಇಡೀ ಪುಟದ ಸೂಚನೆ ಅದು. ಬಾಗಿಲು, ಹೊತ್ತು, ಕತ್ತಿ, ಸಾವು ಎಲ್ಲದರ ಬಗ್ಗೆ ಬರೆದಿದ್ದೆ. ನೆನಪಿನಲ್ಲಿ ಸಾಲು ಸಾಲಾಗಿ ಹುಡುಕಿ ನೋಡಿದೆ.

“ಇಲ್ಲ” ಎಂದೆ. “ಒಂದು ಮಾತೂ ಇರಲಿಲ್ಲ.”